ರಿಮಾಸ್ಟರ್ ಮಾಡ್ಸಿದ್ಮೇಲೆ ಅಮ್ಮನ ತಂಬೂರಿ ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ರ ಒಂದು ಹಳ್ಳಿ. ನಮ್ಮ ತಂದೆ ದೇವರನಾಮ ಹಾಡ್ತಿದ್ರು, ಕಛೇರಿ ಮಾಡೋ ವಿದ್ವಾಂಸರೇನಲ್ಲ, ಊರ ದೇವಸ್ಥಾನ, ಮದುವೆ, ಮುಂಜಿ ಅಷ್ಟೇ. ಹಾರ್ಮೋನಿಯಂ ಅವರೇ ನುಡಿಸ್ಕೊಳ್ತಿದ್ರು, ಪಕ್ಕದಲ್ಲಿ ಅಮ್ಮ ತಂಬೂರಿ ಮೀಟ್ತಿದ್ರು. ಯಾವಾಗ್ಲೂ ಕಪ್ಪು ಒಂದರ ಶ್ರುತಿ, ಅಂದ್ರೆ ಹಾರ್ಮೋನಿಯಮ್ಮಿನ ಮೊದಲನೇ ಕಪ್ಪು ಮನೆ. ಇಬ್ಬರೂ ಈಗಿಲ್ಲ. 1984ರಿಂದ 1993ರ ತನಕ ಮನೆಯ ಟೂ-ಇನ್-ಒನ್‌ನಲ್ಲಿ ರೆಕಾರ್ಡ್ ಮಾಡಿದ 23 ಕ್ಯಾಸೆಟ್ ಇವೆ, ಹೆಚ್ಚಿನವು ಸಿ-90. ಐದನ್ನ ಪೇಟೆಯ ಒಂದು ಅಂಗಡಿಗೆ ಕೊಟ್ಟೆ, ರಿಮಾಸ್ಟರ್ ಮಾಡಿ ಎಂಪಿ3 ಪೆನ್‌ಡ್ರೈವಿಗೆ ಹಾಕ್ಕೊಟ್ರು. ಸುಯ್ಯೋ ಶಬ್ದ ಪೂರ್ತಿ ಹೋಗಿದೆ, ಆದ್ರೆ ಅಪ್ಪ ಕೊಡದೊಳಗೆ ಕೂತು ಹಾಡಿದ ಹಾಗಿದೆ, ಹಿಂದೆ ಏನೋ ನೀರು ಗುಳುಗುಳು ಅಂದ ಹಾಗೆ, ತಂಬೂರಿ ಕೇಳೋದೇ ಇಲ್ಲ, ಅಪ್ಪನ ಶಾರೀರನೂ ಯಾಕೋ ತೆಳ್ಳಗಾಗಿದೆ. ಅಂಗಡಿಯವರು ಹಳೇ ಟೇಪಿನಲ್ಲಿ ಕಾಂತಶಕ್ತಿ ಹೋಗಿರುತ್ತೆ, ಇಷ್ಟೇ ಬರೋದು ಅಂತಾರೆ. ಅಮೆರಿಕದಲ್ಲಿರೋ ತಮ್ಮ ಎಐಗೆ ಹಾಕಿದ್ರೆ ಸ್ಟುಡಿಯೋ ಥರ ಆಗುತ್ತೆ ಅಂತಾನೆ. ನಾಲ್ಕು ಕ್ಯಾಸೆಟ್ಟಿಗೆ ಬಿಳಿ ಬೂಷ್ಟು ಹಿಡಿದಿದೆ, ಒಬ್ಬರು ಓವನ್ನಲ್ಲಿಡಿ ಅಂದ್ರು, ಇನ್ನೊಬ್ಬರು ಫ್ರಿಜ್ಜಲ್ಲಿಡಿ ಅಂದ್ರು. ನಿಜವಾಗ್ಲೂ ಎಷ್ಟು ವಾಪಸ್ ತರಬಹುದು? ಕಂಪ್ಯೂಟರಿಗೆ ಹಾಕಿದ ಮೇಲೆ ಕ್ಯಾಸೆಟ್ ಬಿಸಾಕಬಹುದಾ? ಒಂದು ನಿಮಿಷದ ತುಣುಕು ಕಳಿಸಿದೀನಿ. ಪೆನ್‌ಡ್ರೈವಲ್ಲಿ ಒಂದೊಂದು ಸೈಡು ಸುಮಾರು 46 ನಿಮಿಷ ಇದೆ.

ಉತ್ತರ: ಮೇಡಂ, ನೀವು ಕಳಿಸಿದ ತುಣುಕನ್ನ ಹೆಡ್‌ಫೋನ್ ಹಾಕ್ಕೊಂಡು ನಾಲ್ಕೈದು ಸಲ ಕೇಳ್ದೆ. ಮೊದಲನೇ ಮಾತು, ನಿಮ್ಮ ಕಿವಿ ಹೇಳಿದ್ದೆಲ್ಲ ಸರಿ ಇದೆ. ಎರಡನೇ ಮಾತು, ಟೇಪು ಹಾಳಾಗಿಲ್ಲ. ಹಾಳಾಗಿರೋದು ಟೇಪಿನಿಂದ ತೆಗೆದ ರೀತಿ ಮತ್ತೆ ಆಮೇಲೆ ಮಾಡಿದ ಕ್ಲೀನಿಂಗು. ಹಾಗಾಗಿ ಆ ಐದು ಕ್ಯಾಸೆಟ್ ನಿಮ್ಮ ಕೈಯಲ್ಲೇ ವಾಪಸ್ ಇದ್ರೆ ಏನೂ ಕಳ್ಕೊಂಡಿಲ್ಲ.

ಕಾಂತಶಕ್ತಿ ಹೋಗುತ್ತೆ ಅನ್ನೋದನ್ನ ನಾನು ಈ ಕೆಲಸಕ್ಕೆ ಇಳಿದಾಗಿಂದ ಕೇಳ್ತಾ ಇದೀನಿ. ಕ್ಯಾಸೆಟ್ ಟೇಪ್ ಅಂದ್ರೆ ತೆಳು ಪಾಲಿಯೆಸ್ಟರ್ ಪಟ್ಟಿ ಮೇಲೆ ಕಬ್ಬಿಣದ ಆಕ್ಸೈಡ್ ಪುಡಿಯನ್ನ ಒಂಥರಾ ಅಂಟಿನಲ್ಲಿ ಕಲಸಿ ಬಳಿದಿರೋದು. ಆ ಪುಡಿಯಲ್ಲಿ ಕೂತ ಕಾಂತದ ಗುರುತು ಸುಮ್ನೆ ಪೆಟ್ಟಿಗೇಲಿಟ್ರೆ ಆವಿಯಾಗಲ್ಲ, ನಲವತ್ತು ವರ್ಷ ಆದ್ರೂ ದನಿ ಅಲ್ಲೇ ಇರುತ್ತೆ, ಹತ್ತಿರ ದೊಡ್ಡ ಸ್ಪೀಕರಿನ ಮ್ಯಾಗ್ನೆಟ್ ಇಟ್ರೆ ಬೇರೆ ಮಾತು. ಕೆಡೋದು ಮೈ, ದನಿ ಅಲ್ಲ. ಅಂಟು ಬಿಡುತ್ತೆ, ಬೂಷ್ಟು ಹಿಡಿಯುತ್ತೆ, ಟೇಪು ಅಂಚಲ್ಲಿ ಮುದುರುತ್ತೆ, ಕ್ಯಾಸೆಟ್ಟಿನ ಒಳಗೆ ತಾಮ್ರದ ಸ್ಪ್ರಿಂಗಿನ ಮೇಲೆ ಒಂದು ಪುಟ್ಟ ಉಣ್ಣೆ ಪ್ಯಾಡ್ ಇರುತ್ತಲ್ಲ ಅದರ ಗೋಂದು ಒಣಗಿ ಬಿದ್ದುಹೋಗುತ್ತೆ. ಆ ಪ್ಯಾಡ್ ಟೇಪನ್ನ ಹೆಡ್ಡಿಗೆ, ಅಂದ್ರೆ ಪ್ಲೇಯರಲ್ಲಿ ಟೇಪು ಓದೋ ಭಾಗಕ್ಕೆ, ಒತ್ತಿ ಹಿಡಿಯೋದು. ಅದು ಬಿದ್ರೆ ದನಿ ಮಂಕಾಗುತ್ತೆ, ಬಂದು ಬಂದು ಹೋಗುತ್ತೆ, ಜನ ಟೇಪೇ ಸತ್ತೋಯ್ತು ಅಂದ್ಕೊಂಡು ಬಿಸಾಕ್ತಾರೆ. ಅಂಥ ಎಷ್ಟೋ ಕ್ಯಾಸೆಟ್ಟಿಗೆ ಬೇರೆ ಕ್ಯಾಸೆಟ್ಟಿನ ಪ್ಯಾಡ್ ಕಿತ್ತು ಹಾಕಿ ಕೂರಿಸಿದೀನಿ, ಹತ್ತು ನಿಮಿಷದ ಕೆಲಸ.

ಈಗ ನಿಮ್ಮ ತಂಬೂರಿ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಇದೊಂದು ಅರ್ಥ ಆದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ನಾಯ್ಸ್ ತೆಗೆಯೋ ಸಾಫ್ಟ್‌ವೇರ್‌ಗಳಲ್ಲಿ ಹೆಚ್ಚಿನವು ಕೆಲಸ ಮಾಡೋದು ಹೀಗೆ: ಹಾಡು ಇಲ್ಲದ ಒಂದೆರಡು ಸೆಕೆಂಡು ಜಾಗ ಸೆಲೆಕ್ಟ್ ಮಾಡಿ, ಇದು ನಾಯ್ಸ್ ಅಂತ ಅದಕ್ಕೆ ತೋರಿಸ್ಬೇಕು, ಅದು ಆ ಜಾಗದಲ್ಲಿ ಯಾವ್ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟೆಷ್ಟು ಶಬ್ದ ಇದೆ ಅಂತ ಲೆಕ್ಕ ಬರ್ಕೊಂಡು, ಪೂರ್ತಿ ಫೈಲಿನಲ್ಲಿ ಆ ಮಟ್ಟಕ್ಕಿಂತ ಕೆಳಗಿರೋದನ್ನೆಲ್ಲ ತಗ್ಗಿಸುತ್ತೆ. ಸರಿ, ನಿಮ್ಮ ತಂದೆ ಹಾಡು ಶುರು ಮಾಡೋಕೆ ಮುಂಚಿನ ಆ ಎರಡು ಸೆಕೆಂಡಲ್ಲಿ ಏನಿತ್ತು? ನಿಮ್ಮ ತಾಯಿ ತಂಬೂರಿ ಮೀಟ್ತಾ ಇದ್ರು. ಅಂಗಡಿಯವರು ಆ ಜಾಗವನ್ನೇ ಖಾಲಿ ಅಂದ್ಕೊಂಡು ಹಿಡಿದಿದಾರೆ, ಮಿಷನ್ನು ತಂಬೂರಿಯನ್ನೇ ನಾಯ್ಸ್ ಅಂತ ಕಲ್ತಿದೆ. ತುಣುಕಿನ ಸ್ಪೆಕ್ಟ್ರೋಗ್ರಾಂ, ಅಂದ್ರೆ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಶಬ್ದ ಇದೆ ಅಂತ ತೋರಿಸೋ ಚಿತ್ರ, ತೆಗೆದು ನೋಡಿದ್ರೆ ಸಾ ಮತ್ತೆ ಪಾ ಇರೋ ಜಾಗದಲ್ಲಿ, ಅವುಗಳ ಜೊತೆಗೇ ಮೇಲೆ ಮೊಳಗೋ ಅನುಸ್ವರಗಳು ಇರೋ ಜಾಗದಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಸಾಲಾಗಿ ಕಪ್ಪು ಗೆರೆ ಕಾಣ್ತಾ ಇದೆ. ಅಲ್ಲಿಂದ ತಂಬೂರಿಯನ್ನ ಕೆತ್ತಿ ತೆಗೆದಿದಾರೆ.

ನಷ್ಟ ಅಷ್ಟಕ್ಕೇ ನಿಲ್ಲಲ್ಲ. ತಂಬೂರಿಯ ಸಾ ಮತ್ತೆ ನಿಮ್ಮ ತಂದೆಯ ಸಾ ಒಂದೇ ಅಲ್ವಾ. ಅವರು ಸಾಲಿನ ಕೊನೆಗೆ ಷಡ್ಜದ ಮೇಲೆ ಬಂದು ನಿಂತು, ದನಿ ಮೆಲ್ಲಗೆ ಇಳಿಸ್ತಾರಲ್ಲ, ಅಲ್ಲಿ ಅವರ ದನಿಯೂ ಆ ಮಟ್ಟಕ್ಕಿಂತ ಕೆಳಗೆ ಬಂದ ತಕ್ಷಣ ಸಾಫ್ಟ್‌ವೇರು ಅದನ್ನೂ ತಂಬೂರಿ ಜೊತೆ ಕತ್ತರಿಸಿಬಿಡುತ್ತೆ. ನಿಮ್ಮ ತುಣುಕಿನ 38ನೇ ಸೆಕೆಂಡ್ ಹತ್ರ ಕೇಳಿ, ಸಾ ಹಿಡಿದು ನಿಲ್ಲಿಸಬೇಕಾದ ಕಡೆ ದನಿ ಯಾರೋ ಬಾಗಿಲು ಹಾಕಿದ ಹಾಗೆ ನಿಂತುಹೋಗುತ್ತೆ. ಅಪ್ಪ ಅಷ್ಟು ಬೇಗ ಉಸಿರು ಬಿಡ್ತಿರಲಿಲ್ಲ ಅಂತ ನಿಮಗೆ ಅನ್ಸಿರಬೇಕು. ನೀರಿನ ಗುಳುಗುಳು ಅಂತೀರಲ್ಲ, ಅದೂ ಇದೇ ಕ್ಲೀನಿಂಗಿನ ಮಗು. ಮಟ್ಟದ ಆಚೆ ಈಚೆ ಇರೋ ಚೂರುಚೂರು ಶಬ್ದ ಒಂದು ಕ್ಷಣ ಬಂದು ಒಂದು ಕ್ಷಣ ಹೋಗಿ ಮಾಡ್ತಾ ಇರುತ್ತೆ, ಅದು ಕಿವಿಗೆ ನೀರಿನ ಗುಳ್ಳೆ ಥರ ಕೇಳುತ್ತೆ.

ವಿದೇಶದಲ್ಲಿ ಬರೆದ ಗೈಡ್‌ಗಳಲ್ಲೆಲ್ಲ ಹಾಡಿನ ಮುಂಚಿನ ಮೌನವನ್ನ ನಾಯ್ಸ್ ಸ್ಯಾಂಪಲ್ ಮಾಡ್ಕೊಳ್ಳಿ ಅಂತಲೇ ಇರುತ್ತೆ, ಅವರ ಸಂಗೀತಕ್ಕೆ ಅದು ಸರಿ. ನಮ್ಮ ಸಂಗೀತದಲ್ಲಿ ಮೌನ ಅನ್ನೋ ಜಾಗದಲ್ಲಿ ಶ್ರುತಿ ಇರುತ್ತೆ. ಶ್ರುತಿಪೆಟ್ಟಿಗೆ ಇರಲಿ ತಂಬೂರಿ ಇರಲಿ, ಒಂದೇ ಸಮ ನಡೀತಾ ಇರೋ ಯಾವ ಶಬ್ದವನ್ನಾದ್ರೂ ಈ ಸಾಫ್ಟ್‌ವೇರ್‌ಗಳು ಫ್ಯಾನಿನ ಶಬ್ದ ಅಂತಲೇ ನೋಡ್ತವೆ. ಸ್ಯಾಂಪಲ್ ಬೇಕೇ ಬೇಕು ಅಂದ್ರೆ ಕ್ಯಾಸೆಟ್ಟಿನ ಕೊನೆಗೆ ತಂಬೂರಿ ನಿಲ್ಲಿಸಿ, ರೆಕಾರ್ಡರ್ ಆಫ್ ಮಾಡೋಕೆ ಮುಂಚಿನ ಒಂದೋ ಎರಡೋ ಸೆಕೆಂಡ್ ಸಿಗುತ್ತೆ, ಅದನ್ನ ಹುಡುಕ್ಬೇಕು. ಆಮೇಲೂ 4ರಿಂದ 6 ಡೆಸಿಬೆಲ್ ತಗ್ಗಿಸಿದ್ರೆ ಸಾಕು. ಸುಯ್ ಅನ್ನೋದು ಸ್ವಲ್ಪ ಇರಲಿ ಬಿಡಿ, ಒಂದೇ ಸಮ ಇರೋ ಸುಯ್ ಶಬ್ದವನ್ನ ಕಿವಿ ಎರಡು ನಿಮಿಷದಲ್ಲಿ ಮರೆತುಬಿಡುತ್ತೆ, ಮಳೆಗಾಲದಲ್ಲಿ ಹೆಂಚಿನ ಮೇಲೆ ಬೀಳೋ ಮಳೆ ಮರೆತ ಹಾಗೆ. ಬಂದು ಹೋಗಿ ಮಾಡೋ ಗುಳುಗುಳುವನ್ನ ಮಾತ್ರ ಯಾವತ್ತೂ ಮರೆಯಲ್ಲ.

ಮುಂದೆ ಶಾರೀರ ತೆಳ್ಳಗಾಗಿದೆ ಅಂದಿದ್ದು. ನಿಮ್ಮ ತಂದೆ ಕಪ್ಪು ಒಂದರಲ್ಲಿ ಹಾಡ್ತಿದ್ರು ಅಂತ ನೀವು ಬರೆದಿದ್ದು ನನಗೆ ದೊಡ್ಡ ಉಪಕಾರ ಆಯ್ತು. ಕಪ್ಪು ಒಂದು ಅಂದ್ರೆ ಗಂಡುದನಿಯ ಸಾ ಸುಮಾರು 138.6 ಹರ್ಟ್ಝ್‌ನಲ್ಲಿ ಇರ್ಬೇಕು. ತುಣುಕಿನಲ್ಲಿ ಅಳೆದ್ರೆ 147ರ ಹತ್ರ ಇದೆ, ಅಂದ್ರೆ ಬಿಳಿ ಎರಡು. ಪೂರ್ತಿ ಒಂದು ಮನೆ ಮೇಲೆ ಹೋಗಿದೆ, ಹೆಚ್ಚುಕಮ್ಮಿ ನೂರಕ್ಕೆ ಆರು ಪಾಲು ಸ್ಪೀಡು ಜಾಸ್ತಿ. ಗಂಡಸಿನ ದನಿ ಆರು ಪರ್ಸೆಂಟ್ ಸ್ಪೀಡಾದ್ರೆ ಬರೀ ಶ್ರುತಿ ಏರಲ್ಲ, ಗಂಟಲು ಎದೆ ಎಲ್ಲ ಸಣ್ಣದಾದ ಹಾಗೆ ಕೇಳುತ್ತೆ, ಅದಕ್ಕೇ ತೆಳ್ಳಗೆ.

ಹಾರ್ಮೋನಿಯಮ್ಮೇ ಬೇರೆ ಇದ್ದಿರಬಹುದಲ್ಲ ಅಂತ ಇನ್ನೊಂದು ಸಾಕ್ಷಿ ಹುಡುಕಿದೆ. ದೇವಸ್ಥಾನದ ಮೈಕ್ ಸೆಟ್ಟಿನ ಸ್ಪೀಕರಿಂದ ಸಣ್ಣಗೆ ಗುಂಯ್ ಅನ್ನೋ ಕರೆಂಟಿನ ಶಬ್ದ ಟೇಪಿಗೂ ಬಂದಿದೆ. ನಮ್ಮ ದೇಶದಲ್ಲಿ ಕರೆಂಟು 50 ಹರ್ಟ್ಝ್, ನಿಮ್ಮ ತುಣುಕಿನಲ್ಲಿ ಆ ಗುಂಯ್ 53ರಲ್ಲಿದೆ. ಆಗಿನ ಕಾಲದಲ್ಲಿ ಕರೆಂಟು ಸರಿಯಾಗಿ 50ಕ್ಕೇ ನಿಂತಿರ್ತಿರಲಿಲ್ಲ, ಲೋಡ್ ಜಾಸ್ತಿ ಆದಾಗ ಇಳೀತಿತ್ತು, ಅದೊಂದನ್ನೇ ನಂಬಿ ಶ್ರುತಿ ಹೇಳೋಕಾಗಲ್ಲ, ಆದ್ರೆ ಹಾರ್ಮೋನಿಯಂ ಹೇಳೋದೂ ಕರೆಂಟು ಹೇಳೋದೂ ಒಂದೇ ಲೆಕ್ಕಕ್ಕೆ ಬಂದಾಗ ನನಗೆ ಅನುಮಾನ ಉಳೀಲಿಲ್ಲ.

ತಪ್ಪು ಅಂಗಡಿಯವರು ಕ್ಯಾಸೆಟ್ ಓಡಿಸಿದ ಡೆಕ್ಕಿನದ್ದಾ, ನಿಮ್ಮ ಟೂ-ಇನ್-ಒನ್‌ದ್ದಾ? ಅದನ್ನ ನಿಮ್ಮ 46 ನಿಮಿಷ ಹೇಳುತ್ತೆ. ಸಿ-90 ಕ್ಯಾಸೆಟ್ ಒಂದು ಸೈಡು 45 ನಿಮಿಷ, ಟೇಪನ್ನ ಸಾಮಾನ್ಯವಾಗಿ ಒಂಚೂರು ಹೆಚ್ಚೇ ಸುತ್ತಿರ್ತಾರೆ. ಟೇಪಿನ ಉದ್ದ ಬದಲಾಗಲ್ಲ, ಸೆಕೆಂಡಿಗೆ 4.76 ಸೆಂಟಿಮೀಟರ್ ಓಡ್ಬೇಕು. ಅಂಗಡಿಯ ಡೆಕ್ಕು ಆರು ಪರ್ಸೆಂಟ್ ಸ್ಪೀಡಾಗಿದ್ದಿದ್ರೆ ಸೈಡು 43 ನಿಮಿಷದ ಆಸುಪಾಸಲ್ಲೇ ಮುಗೀಬೇಕಿತ್ತು. 46 ಬಂದಿದೆ ಅಂದ್ರೆ ಡೆಕ್ಕು ಸರಿ ಇದೆ, ಅವತ್ತು ರೆಕಾರ್ಡ್ ಮಾಡುವಾಗ ನಿಮ್ಮ ಟೂ-ಇನ್-ಒನ್ ನಿಧಾನ ಓಡಿದೆ. ಸೆಲ್ ವೀಕ್ ಆಗಿರಬೇಕು ಇಲ್ಲಾ ಬೆಲ್ಟ್ ಸಡಿಲ ಆಗಿರಬೇಕು. ನಿಧಾನವಾಗಿ ಬರೆದಿದ್ದನ್ನ ಸರಿಯಾದ ಸ್ಪೀಡಲ್ಲಿ ಓದಿದ್ರೆ ಅದು ಬೇಗ ಓಡುತ್ತೆ. ಸೆಲ್ ಕಾರಣ ಆಗಿದ್ರೆ ಇನ್ನೊಂದು ಗುರುತು ಇರುತ್ತೆ, ಸೈಡಿನ ಶುರುವಲ್ಲಿ ಶ್ರುತಿ ಸರಿಯಾಗಿದ್ದು ಕೊನೆಗೆ ಬರ್ತಾ ಬರ್ತಾ ಮೇಲೆ ಮೇಲೆ ಹೋಗುತ್ತೆ. ಪೂರ್ತಿ ಸೈಡು ಕೇಳಿ, ಮೊದಲನೇ ಹಾಡಿನ ಸಾ ಮತ್ತೆ ಕೊನೇ ಹಾಡಿನ ಸಾ ಹಾರ್ಮೋನಿಯಮ್ಮಿಗೋ ಫೋನಿನ ತಂಬೂರಿ ಆಪಿಗೋ ಹೋಲಿಸಿ ನೋಡಿ.

ಸರಿ ಮಾಡೋದು ಸುಲಭ. ಒಂದೇ ಸಮ ಏರಿದ್ರೆ ಆಡಾಸಿಟಿ ಅನ್ನೋ ಉಚಿತ ಸಾಫ್ಟ್‌ವೇರಲ್ಲಿ ಸ್ಪೀಡ್ ಬದಲಾಯಿಸೋ ಕಡೆ 0.943 ಅಂತ ಕೊಟ್ರೆ ಆಯ್ತು, 50ನ್ನ 53ರಿಂದ ಭಾಗಿಸಿದ್ರೆ ಬರೋದು ಅಷ್ಟೇ. ಅಲ್ಲೇ ಪಕ್ಕದಲ್ಲಿ ಪಿಚ್ ಮಾತ್ರ ಬದಲಾಯಿಸೋ ಆಯ್ಕೆ ಇರುತ್ತೆ, ಅದನ್ನ ಮುಟ್ಬೇಡಿ, ಅದು ದನಿಯನ್ನ ಕತ್ತರಿಸಿ ಕತ್ತರಿಸಿ ಜೋಡಿಸುತ್ತೆ, ಕಾಲಪ್ರಮಾಣನೂ ತಪ್ಪಾಗೇ ಉಳಿಯುತ್ತೆ.

ಇನ್ನು ಕೊಡದೊಳಗೆ ಕೂತ ಹಾಗೆ ಅನ್ನೋದು. ಇದರಲ್ಲಿ ಅರ್ಧ ಪಾಲು ಕ್ಲೀನಿಂಗಿಂದ ಬಂದಿದ್ದು, ಇನ್ನರ್ಧ ಅದಕ್ಕೂ ಮುಂಚೆ, ಟೇಪು ಓಡಿಸುವಾಗಲೇ ಆಗಿದ್ದು. ನನ್ನ ಪ್ರಕಾರ ಇಡೀ ಕೆಲಸದ ಜೀವ ಇರೋದು ಈ ಜಾಗದಲ್ಲಿ, ಆದ್ರೆ ರಿಮಾಸ್ಟರ್ ಅನ್ನೋ ಪದದ ಗಲಾಟೆಯಲ್ಲಿ ಇದನ್ನ ಯಾರೂ ಕೇಳಲ್ಲ. ಕ್ಯಾಸೆಟ್ ಟೇಪಿನ ಪೂರ್ತಿ ಅಗಲ 3.81 ಮಿಲಿಮೀಟರ್, ಅದರಲ್ಲಿ ಎರಡು ಸೈಡು, ಅಂದ್ರೆ ನಿಮ್ಮ ತಂದೆಯ ದನಿ ಒಂದೂವರೆ ಮಿಲಿಮೀಟರ್ ಅಗಲದ ದಾರಿಯಲ್ಲಿ ಕೂತಿದೆ. ಅದನ್ನ ಓದೋ ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಇರುತ್ತೆ, ಆ ಸೀಳು ಟೇಪಿಗೆ ಸರಿಯಾಗಿ ಅಡ್ಡಕ್ಕೆ ನಿಲ್ಬೇಕು. ಒಂಚೂರು ವಾಲಿದ್ರೂ ತಾಳದ ಝಣ್ಣು, ಸ ಷ ಅಕ್ಷರಗಳ ಚೂಪು, ತಂಬೂರಿಯ ಜೀವಾಳದ ಝೇಂಕಾರ ಎಲ್ಲ ಮಂಕಾಗುತ್ತೆ. ಇದಕ್ಕೆ ಅಜಿಮತ್ ಅಂತಾರೆ. ಮನೆಯ ಟೂ-ಇನ್-ಒನ್‌ಗಳಲ್ಲಿ ಈ ಹೆಡ್ಡು ಒಂದೊಂದರಲ್ಲಿ ಒಂದೊಂದು ಥರ ವಾಲಿರುತ್ತೆ, ನಿಮ್ಮ ಟೇಪಲ್ಲಿ ದನಿ ಆ ವಾಲಿದ ಕೋನದಲ್ಲೇ ಬರೆದಿದೆ. ಸರಿಯಾಗಿ ನೆಟ್ಟಗಿರೋ ಒಳ್ಳೆ ಡೆಕ್ಕಲ್ಲಿ ಹಾಕಿದ್ರೇ ಅದು ಮಂಕಾಗಿ ಕೇಳುತ್ತೆ.

ಹಾಗಾಗಿ ನಾವು ಮಾಡೋದು ಏನಂದ್ರೆ ಟೇಪಿಗೆ ತಕ್ಕ ಹಾಗೆ ಡೆಕ್ಕಿನ ಹೆಡ್ಡನ್ನ ವಾಲಿಸ್ತೀವಿ. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತೆ. ಟೇಪು ಓಡ್ತಾ ಇರುವಾಗ ಎರಡು ಚಾನೆಲ್ಲನ್ನೂ ಸೇರಿಸಿ ಮೋನೋ ಮಾಡ್ಕೊಂಡು, ಕಾಂತ ಹಿಡಿಯದ ಸಣ್ಣ ಸ್ಕ್ರೂಡ್ರೈವರ್ ಇಟ್ಟು, ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಬಲಕ್ಕೆ. ಹೆಚ್ಚಂದ್ರೆ ಕಾಲು ಸುತ್ತು. ಒಂದು ಜಾಗದಲ್ಲಿ ಕಿಟಕಿ ತೆಗೆದ ಹಾಗೆ ಆಗುತ್ತೆ, ಅಲ್ಲಿ ತನಕ ಟಪ್ ಟಪ್ ಅಂತಿದ್ದ ತಾಳ ಝಣ್ ಅನ್ನುತ್ತೆ, ಸಾಹಿತ್ಯದ ಅಕ್ಷರ ಬಿಡಿಬಿಡಿಯಾಗಿ ಬರುತ್ತೆ. ಆ ಜಾಗ ದಾಟಿದ್ರೆ ಮತ್ತೆ ಮುಚ್ಚಿಕೊಳ್ಳುತ್ತೆ. ಇದನ್ನ ಪ್ರತಿ ಕ್ಯಾಸೆಟ್ಟಿಗೂ, ಪ್ರತಿ ಸೈಡಿಗೂ ಮಾಡ್ಬೇಕು. ಹತ್ತು ನಿಮಿಷ ತಗೊಳ್ಳುತ್ತೆ ಅಂತ ಯಾರೂ ಮಾಡಲ್ಲ, ಮಂಕಾಗಿ ಎಳೆದುಕೊಂಡು ಆಮೇಲೆ ಈಕ್ವಲೈಜರಲ್ಲಿ ಟ್ರೆಬಲ್ ಏರಿಸ್ತಾರೆ, ಆಗ ಏರೋದು ಹಾಡಲ್ಲ, ಸುಯ್ ಶಬ್ದ, ಅದನ್ನ ತೆಗೆಯೋಕೆ ಕ್ಲೀನಿಂಗು, ಅದರಿಂದ ಗುಳುಗುಳು, ಹೀಗೆ ಒಂದರ ಹಿಂದೆ ಒಂದು. ಇದರ ಜೊತೆ ಸುಯ್ ತಗ್ಗಿಸೋ ಡಾಲ್ಬಿ ಬಟನ್ ಒತ್ತಿದ್ರೂ ಒತ್ತಿರಬಹುದು. ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ ಟೇಪಿಗೆ ಮಾತ್ರ ಅದು, ಮನೆ ರೆಕಾರ್ಡಿಂಗಲ್ಲಿ ಸಾಮಾನ್ಯವಾಗಿ ಇರ್ತಿರಲಿಲ್ಲ, ಇಲ್ಲದ ಟೇಪಿಗೆ ಒತ್ತಿದ್ರೆ ಸುಯ್ ಜೊತೆ ಹಾಡಿನ ಮೇಲ್ಭಾಗನೂ ಹೋಗುತ್ತೆ.

ಹಾಗಾದ್ರೆ ಎಷ್ಟು ವಾಪಸ್ ಬರುತ್ತೆ ಅಂತ ಕೇಳಿದೀರಿ. ಟೇಪಲ್ಲಿ ಎಷ್ಟಿದೆಯೋ ಅಷ್ಟು ಬರುತ್ತೆ. ದೇವಸ್ಥಾನದ ಸ್ಪೀಕರ್ ಮುಂದೆ ಟೂ-ಇನ್-ಒನ್ ಇಟ್ಟು ಹಿಡಿದ ದನಿ ಸ್ಟುಡಿಯೋ ಥರ ಆಗಲ್ಲ, ಸ್ಟುಡಿಯೋದವರು ಕಾಲಿಂಚಿನ ರೀಲನ್ನ ಸೆಕೆಂಡಿಗೆ 38 ಸೆಂಟಿಮೀಟರ್ ಓಡಿಸ್ತಿದ್ರು, ನಿಮ್ಮದಕ್ಕೆ ಎಂಟು ಪಟ್ಟು ಸ್ಪೀಡು. ಆದ್ರೆ ಅಪ್ಪ ಎದುರು ಕೂತು ಹಾಡಿದ ಹಾಗೆ, ಪಕ್ಕದಲ್ಲಿ ತಂಬೂರಿ ಇರೋ ಹಾಗೆ, ಹಿಂದೆ ಸಣ್ಣಗೆ ಸುಯ್ ಅಂತಿರೋ ಹಾಗೆ ಖಂಡಿತ ಬರುತ್ತೆ. ಎಂಪಿ3 ಫೈಲನ್ನ ಮತ್ತೆ ವೇವ್, ಅಂದ್ರೆ ಏನೂ ಕುಗ್ಗಿಸದ ದೊಡ್ಡ ಫೈಲು, ಮಾಡಿದ್ರೆ ಕ್ವಾಲಿಟಿ ಏರುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಎಂಪಿ3 ಮಾಡುವಾಗ ಬಿಸಾಕಿದ್ದು ಬಿಸಾಕಿದ್ದೇ, ಪಾತ್ರೆ ದೊಡ್ಡದು ಮಾಡಿದ್ರೆ ಹಾಲು ಹೆಚ್ಚಾಗಲ್ಲ.

ತಮ್ಮನ ಎಐ ಮಾತನ್ನ ನಾನು ತಳ್ಳಿಹಾಕಲ್ಲ. 2023ರಲ್ಲಿ ಬೀಟಲ್ಸ್ ಅನ್ನೋ ಇಂಗ್ಲಿಷ್ ಬ್ಯಾಂಡಿನ ಹೆಸರಲ್ಲಿ ಬಂದ ಹಾಡು ಗೊತ್ತಿರಬಹುದು, ಆ ಬ್ಯಾಂಡಿನ ಜಾನ್ ಲೆನ್ನನ್ 1970ರ ದಶಕದ ಕೊನೆಗೆ ಮನೇಲಿ ಪಿಯಾನೋ ಬಾರಿಸ್ಕೊಂಡು ಕ್ಯಾಸೆಟ್ಟಿಗೆ ಹಾಡಿಟ್ಟಿದ್ದು. 1995ರ ಹೊತ್ತಿಗೆ ಅದನ್ನ ಪೂರ್ತಿ ಮಾಡೋಕೆ ಹೋಗಿ ಆಗದೆ ಕೈಬಿಟ್ಟಿದ್ರು, ಪಿಯಾನೋ ದನಿ ಎರಡನ್ನೂ ಬಿಡಿಸೋಕೆ ಆಗ ದಾರಿ ಇರಲಿಲ್ಲ. ಇಪ್ಪತ್ತೆಂಟು ವರ್ಷ ಆದ್ಮೇಲೆ ಮಿಷನ್ ಲರ್ನಿಂಗಿಂದ ದನಿಯನ್ನ ಬೇರೆ ಮಾಡಿದ್ರು, ಚೆನ್ನಾಗೇ ಬಂತು. ಅಂಥ ದನಿ ಬೇರೆ ಮಾಡೋ ಸಾಫ್ಟ್‌ವೇರು ನಾನೂ ಬಳಸ್ತೀನಿ. ಆದ್ರೆ ನಿಮ್ಮ ಕೇಸಲ್ಲಿ ಹಾರ್ಮೋನಿಯಂ ನಿಮ್ಮ ತಂದೆಯ ದನಿಯ ನೆರಳಿನ ಹಾಗೆ ಅದೇ ಸ್ವರದಲ್ಲಿ ಹೋಗ್ತಾ ಇದೆ, ಎಳೆದ ಸ್ವರದಲ್ಲಿ ಎರಡಕ್ಕೂ ಗಡಿ ಎಲ್ಲಿ ಅಂತ ಮಿಷನ್ನಿಗೆ ಗೊತ್ತಾಗಲ್ಲ. ನಾನು ಇಂಥದ್ದು ಮಾಡಿ ನೋಡಿದಾಗೆಲ್ಲ ಗಮಕದ ಬಾಲ ಹೋಗಿ ಹಾರ್ಮೋನಿಯಮ್ಮಿಗೆ ಅಂಟಿಕೊಂಡಿರುತ್ತೆ. ಬೇರೆ ಮಾಡಿ, ಹಾರ್ಮೋನಿಯಂ ಒಂದೆರಡು ಡೆಸಿಬೆಲ್ ಇಳಿಸಿ, ಮತ್ತೆ ಸೇರಿಸಿದ್ರೆ ಕೆಲವು ಸಲ ಲಾಭ ಇದೆ, ಪೂರ್ತಿ ಬೇರೆ ಮಾಡಿ ಇಟ್ಕೊಂಡ್ರೆ ಇಲ್ಲ.

ನಾನು ಬೇಡವೇ ಬೇಡ ಅನ್ನೋದು ಇನ್ನೊಂದು ಜಾತಿ ಎಐ, ಮಾತು ಸ್ವಚ್ಛ ಮಾಡ್ತೀವಿ ಅನ್ನೋ ಆಪ್‌ಗಳು. ಅವು ಮಾತಾಡೋ ದನಿ ಕೇಳಿ ಕಲ್ತಿರೋವು, ಕೆಲವು ಟೇಪಿನಲ್ಲಿರೋ ದನಿಯನ್ನ ತೊಳೆಯೋದು ಬಿಟ್ಟು ಅದನ್ನ ನೋಡ್ಕೊಂಡು ಹೊಸ ದನಿ ತಯಾರು ಮಾಡ್ತವೆ. ಕೇಳೋಕೆ ಬಹಳ ಚೊಕ್ಕ ಇರುತ್ತೆ. ನಿಮ್ಮ ತಂದೆ ಳ ಹೇಳೋ ರೀತಿ, ವಯಸ್ಸಾದ್ಮೇಲೆ ಮೇಲಿನ ಸಾ ಹಿಡಿಯುವಾಗ ಬರ್ತಿದ್ದ ಸಣ್ಣ ನಡುಕ, ಇವೆಲ್ಲ ಅದಕ್ಕೆ ತಪ್ಪಿನ ಥರ ಕಾಣುತ್ತೆ, ತಿದ್ದಿಬಿಡುತ್ತೆ. ಹತ್ತು ವರ್ಷ ಆದ್ಮೇಲೆ ಮೊಮ್ಮಕ್ಕಳಿಗೆ ಅಜ್ಜನ ದನಿ ಇದೇ ಅಂತ ಉಳಿಯೋದು ಆ ತಿದ್ದಿದ್ದೇ. ತಮ್ಮನಿಗೆ ಆಡಿ ನೋಡೋ ಆಸೆ ಇದ್ರೆ ಒಂದು ಕಾಪಿ ಕೊಡಿ, ಅದರ ಮೇಲೆ ಏನು ಬೇಕಾದ್ರೂ ಮಾಡ್ಲಿ, ಮೂಲ ಫೈಲು ಕೊಡ್ಬೇಡಿ ಅಷ್ಟೇ.

ಬೂಷ್ಟು ಹಿಡಿದ ನಾಲ್ಕು ಕ್ಯಾಸೆಟ್ಟು. ಮೊದಲನೇದಾಗಿ ಅವನ್ನ ಯಾವ ಪ್ಲೇಯರಿಗೂ ಹಾಕ್ಬೇಡಿ, ಫಾರ್ವರ್ಡ್ ರಿವೈಂಡೂ ಬೇಡ. ಪದರ ಪದರ ಅಂಟಿಕೊಂಡಿದ್ರೆ ಎಳೆದಾಗ ಆಕ್ಸೈಡೇ ಕಿತ್ತು ಬರುತ್ತೆ, ಡೆಕ್ಕಿಗೆ ಹತ್ತಿದ ಬೂಷ್ಟು ಮಿಕ್ಕ ಹತ್ತೊಂಬತ್ತಕ್ಕೂ ಹರಡುತ್ತೆ. ಓವನ್ನಿನ ಮಾತು ಎಲ್ಲಿಂದ ಬಂತು ಅಂದ್ರೆ, 1970-80ರ ದಶಕದ ಕೆಲವು ಸ್ಟುಡಿಯೋ ರೀಲ್ ಟೇಪುಗಳ ಅಂಟು ತೇವ ಹೀರಿ ಜಿಗುಟಾಗುತ್ತೆ, ಅವನ್ನ 50-55 ಡಿಗ್ರಿಯಲ್ಲಿ ಗಂಟೆಗಟ್ಲೆ ಹದವಾಗಿ ಬಿಸಿ ಮಾಡಿದ್ರೆ ಸ್ವಲ್ಪ ದಿನದ ಮಟ್ಟಿಗೆ ಓಡ್ತವೆ. ಅದಕ್ಕೆ ಬೇರೆ ಉಪಕರಣ ಇದೆ, ಅದು ಬೇರೆ ರೋಗ, ಕ್ಯಾಸೆಟ್ಟಿಗೆ ಬರೋದು ಅಪರೂಪ, ಬೂಷ್ಟಿಗೂ ಅದಕ್ಕೂ ಸಂಬಂಧ ಇಲ್ಲ. ಅಡುಗೆಮನೆ ಓವನ್ನಲ್ಲಿ ಇಟ್ರೆ ಕ್ಯಾಸೆಟ್ಟಿನ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತೆ. ಫ್ರಿಜ್ಜಿಂದ ತೆಗೆದಾಗ ಮೈಮೇಲೆ ನೀರು ಕೂರುತ್ತೆ, ಅದು ಬೂಷ್ಟಿಗೆ ಊಟ ಹಾಕಿದ ಹಾಗೆ. ಬಿಸಿಲೂ ಬೇಡ.

ಮಾಡ್ಬೇಕಾದ್ದು ಇಷ್ಟೇ. ಗಾಳಿಯಾಡದ ಸ್ಟೀಲ್ ಡಬ್ಬದಲ್ಲಿ ಹೊಸ ಚಪ್ಪಲಿ ಪೆಟ್ಟಿಗೇಲಿ ಬರೋ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಆ ನಾಲ್ಕನ್ನ ಮಾತ್ರ ಬೇರೆಯಾಗಿ ಕಡಿಮೆ ಅಂದ್ರೂ ಹದಿನೈದು ದಿನ ಇಡಿ. ಒಣಗಿದ ಬೂಷ್ಟು ಪುಡಿಯಾಗುತ್ತೆ, ಹಸಿಯಾಗಿರೋದು ಮೆತ್ತಿಕೊಳ್ಳುತ್ತೆ. ಆಮೇಲೆ ಮನೆ ಹೊರಗೆ, ಮಾಸ್ಕ್ ಹಾಕ್ಕೊಂಡು, ಅಸ್ತಮಾ ಇರೋರು ಹತ್ತಿರ ಬರದ ಹಾಗೆ, ಐದು ಸ್ಕ್ರೂ ಬಿಚ್ಚಿ ಕ್ಯಾಸೆಟ್ ತೆಗೆದು ಸುತ್ತಿದ ಟೇಪಿನ ಎರಡೂ ಮುಖವನ್ನ ಮೆತ್ತನೆ ಬ್ರಶ್ಶಲ್ಲಿ ಸವರಿ, ಹೊಸ ಕ್ಯಾಸೆಟ್ಟಿನ ಗೂಡಿಗೆ ಕೂರಿಸ್ಬೇಕು. ಹೀಗೆ ಬಿಚ್ಚೋದು ಮೊದಲನೇ ಸಲ ಮಾಡೋರು ಒಂದು ಬೇಡದ ಸಿನಿಮಾ ಕ್ಯಾಸೆಟ್ಟಿನ ಮೇಲೆ ಎರಡು ಮೂರು ಸಲ ಅಭ್ಯಾಸ ಮಾಡಿ, ಯಾಕಂದ್ರೆ ಸಿ-90ರಲ್ಲಿ 130 ಮೀಟರ್ ಹತ್ರ ಟೇಪಿದೆ, ಉಂಡೆ ಕೈಜಾರಿದ್ರೆ ಸುತ್ತೋಕೆ ಅರ್ಧ ದಿನ ಬೇಕು. ಅಂಟಿಸಿರೋ ಗೂಡಾದ್ರೆ, ಸ್ಕ್ರೂ ಇಲ್ಲದ್ದು, ಅದನ್ನ ನೀವು ಒಡೀಬೇಡಿ, ತಿಳಿದೋರಿಗೆ ಕೊಡಿ. ಟೇಪು ಹರಿದಿದ್ರೆ ಸೆಲ್ಲೋಟೇಪಲ್ಲಿ ಅಂಟಿಸ್ಬೇಡಿ, ಅದರ ಗೋಂದು ಕರಗಿ ಪಕ್ಕದ ಪದರಕ್ಕೆ ಇಳಿಯುತ್ತೆ, ಸ್ಪ್ಲೈಸಿಂಗ್ ಟೇಪು ಅಂತಲೇ ಬರುತ್ತೆ.

ಉಳಿದವನ್ನ ಮನೇಲೇ ಮಾಡೋಕೆ ನೋಡ್ತೀರಾ, ಹೊರಗೆ ಕೊಡ್ತೀರಾ ಅನ್ನೋದು ನಿಮ್ಮ ತಾಳ್ಮೆ ಮೇಲಿದೆ. 23 ಕ್ಯಾಸೆಟ್ ಅಂದ್ರೆ ಮೂವತ್ತನಾಲ್ಕೂವರೆ ಗಂಟೆ, ಅಷ್ಟು ಹೊತ್ತೂ ಪಕ್ಕದಲ್ಲಿ ಕೂತು ಕೇಳ್ಬೇಕು, ಹಾಕಿ ಎದ್ದುಹೋಗೋ ಕೆಲಸ ಅಲ್ಲ. ಮನೇಲಿ ಅಂದ್ರೆ ಹಳೇ ಒಳ್ಳೆ ಡೆಕ್ಕೊಂದು ತಗೊಂಡು ಬೆಲ್ಟು, ರಬ್ಬರ್ ರೋಲರು ಹೊಸದು ಹಾಕ್ಸಿ, ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಹತ್ತಿ ಅದ್ದಿ ಪ್ರತಿ ಎರಡು ಕ್ಯಾಸೆಟ್ಟಿಗೊಮ್ಮೆ ಹೆಡ್ಡು ಒರೆಸಿ, ಲೈನ್ ಔಟಿಂದ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸಿಗೆ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಚುಚ್ಬೇಡಿ. ಆನ್‌ಲೈನಲ್ಲಿ ಸಿಗೋ ವಾಕ್‌ಮನ್ ಥರದ ಅಗ್ಗದ ಯುಎಸ್‌ಬಿ ಪ್ಲೇಯರೂ ಬೇಡ, ಅದರ ಮೋಟರು ಎಳೆದ ಸ್ವರವನ್ನ ಅಲುಗಾಡಿಸುತ್ತೆ, ತಂಬೂರಿ ಇರೋ ಟೇಪಲ್ಲಿ ಅದು ತಕ್ಷಣ ಗೊತ್ತಾಗುತ್ತೆ.

ಹೊರಗೆ ಕೊಡೋದಾದ್ರೆ ಎರಡು ಪ್ರಶ್ನೆ ಕೇಳಿ. ಪ್ರತಿ ಸೈಡಿಗೂ ಅಜಿಮತ್ ಹೊಂದಿಸ್ತೀರಾ? ಏನೂ ಮುಟ್ಟದ ಕಚ್ಚಾ ಫೈಲು ಕೊಡ್ತೀರಾ? ಎರಡರಲ್ಲಿ ಒಂದಕ್ಕೆ ಅದೆಲ್ಲ ಯಾಕೆ ಮೇಡಂ ಅಂತ ಉತ್ತರ ಬಂದ್ರೆ ಕ್ಯಾಸೆಟ್ ವಾಪಸ್ ತಗೊಂಡು ಬನ್ನಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘಟನೆ ಐಎಎಸ್‌ಎ ಹೇಳೋದೂ ಇದನ್ನೇ: ಕನಿಷ್ಠ 48 ಕಿಲೋಹರ್ಟ್ಝ್, 24 ಬಿಟ್, ಸಾಧ್ಯ ಆದ್ರೆ 96 ಕಿಲೋಹರ್ಟ್ಝ್, ಮತ್ತೆ ಉಳಿಸಿಡೋ ಕಾಪಿಯಲ್ಲಿ ಯಾವ ತಿದ್ದುಪಡಿಯೂ ಇರಬಾರದು. 96ರಲ್ಲಿ ಸ್ಟೀರಿಯೋ ಗಂಟೆಗೆ ಎರಡು ಜಿಬಿ, ನಿಮ್ಮದೆಲ್ಲ ಸೇರಿ ಎಪ್ಪತ್ತು ಚಿಲ್ಲರೆ ಜಿಬಿ ಆಗುತ್ತೆ, ಈಗಿನ ಕಾಲಕ್ಕೆ ಏನೂ ಅಲ್ಲ. 192 ಅಂತ ಹೇಳಿ ಹೆಚ್ಚು ದುಡ್ಡು ಕೇಳಿದ್ರೆ ಕೊಡ್ಬೇಡಿ, ಆ ಟೂ-ಇನ್-ಒನ್ ಹಿಡಿದಿರೋ ಶಬ್ದಕ್ಕೆ ಅಷ್ಟು ಬೇಕಾಗಿಲ್ಲ. ರೆಕಾರ್ಡ್ ಮಾಡುವಾಗ ಅತಿ ಜೋರು ಜಾಗ ಮೀಟರಲ್ಲಿ ಮೈನಸ್ 6 ಡೆಸಿಬೆಲ್ ಕೆಳಗೇ ಇರಲಿ.

ತಿದ್ದಿದ ಕಾಪಿ ಕೇಳೋದಕ್ಕೆ, ಕಚ್ಚಾ ಫೈಲು ಉಳಿಸೋದಕ್ಕೆ. ಇದನ್ನ ನಾನು ಕಲಿತಿದ್ದು ಒಂದು ಕೆಲಸದಲ್ಲಿ. ಮದುವೆಮನೆಯ ಸಂಪ್ರದಾಯದ ಹಾಡಿನ ಕ್ಯಾಸೆಟ್ಟು, ನಾನು ಹಾಡಿನ ನಡುನಡುವೆ ಇದ್ದ ಮಾತು, ಪಾತ್ರೆ ಸದ್ದು, ಮಗು ಅಳೋದು ಎಲ್ಲ ಕತ್ತರಿಸಿ ಚೊಕ್ಕ ಮಾಡಿ ಕೊಟ್ಟೆ. ಕೊಟ್ಟು ವಾರ ಆದ್ಮೇಲೆ ಆ ಕ್ಯಾಸೆಟ್ ತಂದಿದ್ದ ಹೆಂಗಸು ಫೋನ್ ಮಾಡಿ, ಮೂರನೇ ಹಾಡು ಮುಗಿದ್ಮೇಲೆ ಒಬ್ಬರು ಸಾಕು ಟೇಪ್ ನಿಲ್ಸು, ಮಗು ಹಸ್ಕೊಂಡಿದೆ ಅಂತಾರಲ್ಲ ಅದೆಲ್ಲಿ ಅಂದ್ರು. ಅದು ಅವರ ತಾಯಿಯ ದನಿ, ಅಳ್ತಿದ್ದ ಮಗು ಅವರೇ. ತಾಯಿ ಹಾಡ್ತಿರಲಿಲ್ಲ, ಮಾತಾಡಿದ್ದು ಅದೊಂದೇ ಜಾಗದಲ್ಲಿ. ಕಚ್ಚಾ ಫೈಲು ನನ್ನ ಹತ್ರ ಇತ್ತು, ಅವತ್ತೇ ಕಳಿಸ್ದೆ. ಇರದೇ ಇದ್ದಿದ್ರೆ ಏನು ಹೇಳ್ಬೇಕಿತ್ತೋ ನನಗೆ ಗೊತ್ತಿಲ್ಲ. ನಿಮ್ಮ ತಾಯಿಯ ಗುರುತೂ ಈ ಟೇಪುಗಳಲ್ಲಿ ಇರೋದು ಆ ತಂಬೂರಿಯಲ್ಲಿ, ಅದಕ್ಕೇ ಇಷ್ಟುದ್ದ ಬರೆದೆ.

ಕ್ಯಾಸೆಟ್ಟು ಬಿಸಾಕ್ಬೇಡಿ. ಇವತ್ತು ಐದು ಕ್ಯಾಸೆಟ್ಟನ್ನ ಎರಡನೇ ಸಲ ಓಡಿಸೋಕೆ ಆಗ್ತಿರೋದು ಅವು ಇರೋದರಿಂದ. 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣದಲ್ಲಿ ಬೆಂಕಿ ಬಿದ್ದು ಮಾಸ್ಟರ್ ಟೇಪುಗಳೇ ಸುಟ್ಟುಹೋದ್ವು, ಮೂಲ ಇಲ್ಲದ ಮೇಲೆ ಅಂಥ ಹಾಡುಗಳಿಗೆ ಯಾವ ರಿಮಾಸ್ಟರಾದ್ರೂ ಕಾಪಿಯಿಂದಲೇ ಶುರುವಾಗ್ಬೇಕು. ಫೈಲುಗಳನ್ನ ಎರಡು ಬೇರೆ ಹಾರ್ಡ್ ಡಿಸ್ಕಲ್ಲಿ ಇಟ್ಟು, ಮೂರನೇದು ಅಮೆರಿಕದ ತಮ್ಮನ ಹತ್ರ ಇರಲಿ, ಅಲ್ಲಿಗೆ ನಿಮ್ಮ ಮಳೆ ಹೋಗಲ್ಲ. ಪೆನ್‌ಡ್ರೈವೊಂದನ್ನೇ ನಂಬ್ಬೇಡಿ, ಮನೇಲಿ ಬರೆದ ಸಿಡಿಯನ್ನೂ. ಫೈಲಿನ ಹೆಸರಲ್ಲಿ ಕ್ಯಾಸೆಟ್ ನಂಬರು, ಸೈಡು, ಗೊತ್ತಿದ್ರೆ ತಾರೀಖು, ಮತ್ತೆ ಕಾರ್ಡಿನ ಮೇಲೆ ಅಪ್ಪನ ಕೈಬರಹ ಇರುತ್ತಲ್ಲ ಅದರ ಫೋಟೋ ಜೊತೆಗೆ. ಮನೆಯವರಿಗೆ ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತ ಕಳಿಸಿ.

ಮೊದಲು ಅಂಗಡಿಗೆ ಹೋಗಿ ಕ್ಲೀನ್ ಮಾಡೋಕೆ ಮುಂಚಿನ ಫೈಲು ಇನ್ನೂ ಇದೆಯಾ ಕೇಳಿ, ಮಂಕಾಗಿದ್ರೂ ಅದರಲ್ಲಿ ತಂಬೂರಿ ಇರುತ್ತೆ. ಇವತ್ತು ರಾತ್ರಿನೇ ಮಾಡ್ಬೇಕಾದ್ದು ಒಂದಿದೆ, ಇಪ್ಪತ್ಮೂರೂ ಕ್ಯಾಸೆಟ್ಟಿನ ಬೆನ್ನಲ್ಲಿ ಎರಡೆರಡು ಪ್ಲಾಸ್ಟಿಕ್ ನಾಲಿಗೆ ಇರುತ್ತೆ, ಅದನ್ನ ಮುರಿದುಬಿಡಿ, ಯಾರೂ ಅಪ್ಪಿತಪ್ಪಿ ಅದರ ಮೇಲೆ ರೆಕಾರ್ಡ್ ಮಾಡದ ಹಾಗೆ. ಬೂಷ್ಟಿನ ನಾಲ್ಕನ್ನ ಮಾತ್ರ ಡಬ್ಬದಲ್ಲೇ ಬಿಡಿ, ನಿಮ್ಮ ಕಡೆ ಮಳೆ ಪೂರ್ತಿ ನಿಂತು ದೀಪಾವಳಿ ಕಳೆದ ಮೇಲೆ ಬಿಚ್ಚಿ.